ಬಿಸಿಲು ಬಂದ ಮೇಲೆ

ಮೂರನೆಯ ಬಿಸಿನೀರಿನ ಬಾಟಲಿಯನ್ನು ಗಂಡನ ಕಂಬಳಿಯೊಳಗೆ ತುರುಕುತ್ತಿದ್ದವಳ ಕೈಯನ್ನು ಮೈದುನ ಹಿಡಿದುಕೊಂಡ.

"ಸಾಕು ಅತ್ತಿಗೆ. ಜನ ನೋಡ್ತಿದಾರೆ."

ನೋಡಲಿ, ನೋಡೋಕೇ ತಾನೆ ಬಂದಿರೋದು! ಅವಳು ಕೈ ಬಿಡಿಸಿಕೊಂಡು ಬಾಟಲಿಯನ್ನು ಗಂಡನ ಪಾದಗಳ ನಡುವೆ ಒತ್ತಿಟ್ಟಳು.

ಉದ್ಯಾನದ ಆಮೆಕೊಳವನ್ನು ಮೂವತ್ತೊಂದು ವರ್ಷ ನೋಡಿಕೊಂಡವನು ಅವಳ ಗಂಡ. ನಡಿಗೆಯೂ ಹಾಗೇ ಇದ್ದದ್ದರಿಂದ ಎಲ್ಲರ ಬಾಯಲ್ಲೂ ಆಮೆ ಮೇಷ್ಟ್ರು. ಬಸ್ಸು ತಪ್ಪಿಸಿಕೊಳ್ಳುವುದರಲ್ಲಿ ಅವನದು ಎತ್ತಿದ ಕೈ. ಸ್ವೆಟರಿನ ಮುಖವನ್ನೇ ಕಾಣದ ಈ ಊರಿಗೆ ವಾರದ ಹಿಂದೆ ಎಲ್ಲಿಂದಲೋ ಚಳಿ ಬಂದು ವಕ್ಕರಿಸಿತ್ತು. ಬಾವಲಿಗಳು ಮರದಿಂದ ಉದುರಿದವು. ಜನ ಕಿಟಕಿಯ ಪರದೆ ಹೊದ್ದು ಓಡಾಡಿದರು. ನಿನ್ನೆ ಸಂಜೆ ಮರಗಟ್ಟಿದ ಆಮೆಗಳನ್ನು ಎತ್ತಲು ಸೊಂಟದುದ್ದ ನೀರಿಗಿಳಿದ ಮೇಷ್ಟ್ರು ಅಲ್ಲೇ ಕುಸಿದಿದ್ದ. ಮಾಲಿ ದಡಕ್ಕೆಳೆಯುವಷ್ಟರಲ್ಲಿ ಮೈ ಕೊರಡಾಗಿತ್ತು. ಡಾಕ್ಟರಮ್ಮ ನೋಡಿ, ಹೋಗಿಬಿಟ್ಟಿದ್ದಾರೆ ಎಂದರು. ಇವತ್ತು ಮಧ್ಯಾಹ್ನಕ್ಕೆ ಮಣ್ಣು ಮಾಡುವುದೆಂದು ಮೈದುನ ಗೊತ್ತುಮಾಡಿದ್ದ.

ಇನ್ನೂ ಒಂದು ದಿನವೂ ಆಗಿಲ್ಲವಲ್ಲ ಎಂದು ಅವಳು ಮತ್ತೆ ಮತ್ತೆ ಗಡಿಯಾರ ನೋಡಿದಳು.

*

ಮದುವೆಯಾದ ವರ್ಷವೂ ಹೀಗೇ ಒಂದು ಚಳಿ ಬಂದಿತ್ತು. ಆಗಿನ್ನೂ ಕೆಲಸಕ್ಕೆ ಹೊಸಬನಾದ ಅವನು ಸೆಟೆದುಕೊಂಡಿದ್ದ ನಾಲ್ಕು ಆಮೆಗಳನ್ನು ಸತ್ತವೆಂದೇ ತಿಳಿದು ಕೊಳದ ಪಕ್ಕ ಹೂತಿದ್ದ. ಮಧ್ಯಾಹ್ನ ಊಟ ತಂದ ಅವಳ ಕಣ್ಣಿಗೇ ಅದು ಮೊದಲು ಬಿದ್ದದ್ದು: ಬಿಸಿಲಿಗೆ ಬೆಚ್ಚಗಾದ ಹಸಿಮಣ್ಣು ಅಲುಗಾಡುತ್ತಿತ್ತು. ಇಬ್ಬರೂ ಬರಿಗೈಯಲ್ಲಿ ಬಗೆದರು. ಮೂರು ಬದುಕಿದವು. ನಾಲ್ಕನೆಯದರ ಬಾಯಿ ತುಂಬ ಮಣ್ಣು.

"ಕಾಯಬೇಕಿತ್ತು ಕಣೇ," ಎಂದು ಅವನು ಅತ್ತಿದ್ದ. "ಒಂದೇ ಒಂದು ದಿನ ಕಾಯಬೇಕಿತ್ತು."

ಅಲ್ಲಿಂದಾಚೆ ಚಳಿಗೆ ಬಿದ್ದದ್ದನ್ನು ಯಾರಾದರೂ ಸತ್ತಿದೆ ಎಂದರೆ ಸಾಕು, ಹರಿಹಾಯುತ್ತಿದ್ದ. ಒಂದು ಇಡೀ ದಿನ ಬೆಚ್ಚಗಿಟ್ಟು ನೋಡದೆ ಯಾವುದನ್ನೂ ಹೂಳಗೊಡುತ್ತಿರಲಿಲ್ಲ. ಮನೆಯ ಬಚ್ಚಲಲ್ಲಿ ಆಮೆಗಳು, ಅವಳ ಸ್ನಾನ ಪಕ್ಕದ ಮನೆಯಲ್ಲಿ. ಬೈದುಕೊಂಡೇ ನೀರು ಕಾಯಿಸಿಕೊಟ್ಟವಳು ಅವಳು.

*

ಸಂಜೆಯವರೆಗಾದರೂ ತಡೆಯಿರಿ ಎಂದು ಅವಳು ಕೇಳಿಕೊಂಡಳು. ಗಾಡಿ ಬಂದು ನಿಂತಿದೆ, ಹಟ ಮಾಡಬೇಡಿ ಎಂದ ಮೈದುನ. ಅಷ್ಟೂ ಜನರೆದುರು ಅವಳು ಒಳಗಿನ ಭಯವನ್ನು ಹೊರಗೆ ಹಾಕಿಯೇಬಿಟ್ಟಳು.

"ಮಣ್ಣೊಳಗೆ ಎಚ್ಚರ ಆದ್ರೆ ಏನ್ ಮಾಡ್ತೀರಿ?"

ಯಾರೋ ಮೂಗು ಒರೆಸಿಕೊಂಡರು. ಮತ್ತೆ ಬಂದ ಡಾಕ್ಟರಮ್ಮ ನಗಲಿಲ್ಲ. ಆಮೆಯ ದೇಹವೇ ಬೇರೆ, ಮನುಷ್ಯರದೇ ಬೇರೆ ಎಂದು ಮೆಲ್ಲಗೆ ಬಿಡಿಸಿ ಹೇಳಿ, ಸ್ಟೆತಾಸ್ಕೋಪನ್ನು ಅವಳ ಕಿವಿಗೇ ಹಾಕಿ, ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಕೇಳಿ ಎಂದರು. ಅವಳು ಎದೆಯ ಮೇಲೆಲ್ಲ ಇಟ್ಟು ಇಟ್ಟು ಕೇಳಿದಳು. ಬಟ್ಟೆಗೆ ಉಜ್ಜುವ ಗರಗರ ಬಿಟ್ಟರೆ ಬೇರೇನೂ ಇಲ್ಲ.

"ಎತ್ತಿ," ಎಂದಳು ಕೊನೆಗೆ. ತಲೆ ಒಪ್ಪಿತು, ಹೊಟ್ಟೆ ಒಪ್ಪಲಿಲ್ಲ.

ಮಣ್ಣು ಮುಚ್ಚಿ ಮುಗಿಸುವ ಹೊತ್ತಿಗೆ ವಾರದ ಮೇಲೆ ಮೊದಲ ಸಲ ಬಿಸಿಲು ಬಿತ್ತು. ಬಂದವರೆಲ್ಲ ಅದಕ್ಕೆ ಬೆನ್ನೊಡ್ಡಿ, ಅಬ್ಬ ಎಂದು ಭುಜ ಸಡಿಲಿಸಿದರು. ಅವಳಿಗೆ ಮಾತ್ರ ಕೈಕಾಲು ತಣ್ಣಗಾಯಿತು. ಹೊಸ ಮಣ್ಣಿನ ಪಕ್ಕ ಕುಕ್ಕರಿಸಿ, ಕಣ್ಣು ಕೀಳದೆ ಅದನ್ನೇ ನೋಡುತ್ತ ಕೂತಳು.

"ನೀವೆಲ್ಲ ಹೋಗಿ. ನಾನು ಸಂಜೆ ಬರ್ತೀನಿ."

ಮೈದುನ ಸೋತು, ನೀನಾದರೂ ಹೇಳಪ್ಪ ಎಂಬಂತೆ ಮಾಲಿಯ ಮುಖ ನೋಡಿದ. ಮೇಷ್ಟ್ರ ಜೊತೆ ಇಪ್ಪತ್ತು ವರ್ಷ ಕೆಲಸ ಮಾಡಿದವನು ಮಾಲಿ. ಅವನು ಹತ್ತಿರ ಬಂದ. ಗುಂಡಿ ತೋಡಿದವರು ಹೊತ್ತುಕೊಂಡು ಹೊರಟಿದ್ದ ಸನಿಕೆಯನ್ನು ಕೇಳಿ ಇಸಿದುಕೊಂಡು ಅವಳೆದುರು ಮಣ್ಣಿನ ಆಚೆ ಬದಿಗೆ ಕೂತ, ಸನಿಕೆಯನ್ನು ಕೈಗೆ ಎಟುಕುವಷ್ಟು ಹತ್ತಿರ ಇಟ್ಟುಕೊಂಡು.