ಎರಡನೇ ಆಟಗಾರ್ತಿ

ನನ್ನ ಭಾವ ಊಟದ ಮೇಜಿನ ಮೇಲೆ ಗಿಫ್ಟ್ ಕಾರ್ಡು ಕೆರೆಯುವುದನ್ನು ನೀವು ಒಮ್ಮೆ ನೋಡಬೇಕು. ಹೆಬ್ಬೆರಳನ್ನು ನಾಲಿಗೆಗೆ ಒತ್ತಿ ಒದ್ದೆ ಮಾಡಿಕೊಳ್ಳುತ್ತಾನೆ, ಕಾರ್ಡಿನ ಹಿಂದಿರುವ ಬೂದು ಪಟ್ಟಿಯನ್ನು ಉಗುರಿನಿಂದ ಕರಕರ ಕೆರೆಯುತ್ತಾನೆ, ಅಡಿಯಲ್ಲಿ ಕಂಡ ನಂಬರನ್ನು ಫೋನಿಗೆ ಒತ್ತುತ್ತಾನೆ, ಮತ್ತೆ ಅದೇ ಹೆಬ್ಬೆರಳು ನಾಲಿಗೆಗೆ. ಕೆರೆದ ಪುಡಿ ತಟ್ಟೆಯ ಅಂಚಿಗೆ, ನೀರಿನ ಲೋಟಕ್ಕೆ, ಉಪ್ಪಿನ ಬಟ್ಟಲಿಗೆ ಹಾರಿ ಬೀಳುತ್ತದೆ. ಅಕ್ಕ ಒದ್ದೆ ಬಟ್ಟೆ ತಂದು ಒರೆಸುತ್ತಾಳೆ, ಮಗು ಚೆಲ್ಲಿದ್ದನ್ನು ಒರೆಸಿದ ಹಾಗೆ. ನಾನು ನನ್ನ ಲೋಟವನ್ನು ದೂರ ಸರಿಸಿಕೊಳ್ಳುತ್ತೇನೆ. ಎದುರಿಗೆ ನಾನು ಅವನನ್ನು ಬಹುವಚನದಲ್ಲೇ ಮಾತಾಡಿಸುತ್ತೇನೆ, ಎಷ್ಟಾದರೂ ಅಕ್ಕನ ಗಂಡ. ಇಲ್ಲಿ ಆ ಮರ್ಯಾದೆ ನನ್ನ ಕೈಲಾಗದು.

ಅವನು ಇನ್ಶೂರೆನ್ಸ್ ಕಂಪನಿಯವನು. ಬೆಂಕಿ ಬಿದ್ದರೆ ಏನು ಗತಿ, ಕಾಲು ಮುರಿದರೆ ಯಾರು ದಿಕ್ಕು ಎಂದು ದಿನವಿಡೀ ಜನರನ್ನು ಹೆದರಿಸಿ ಸಹಿ ಹಾಕಿಸಿಕೊಳ್ಳುವುದು ಅವನ ಕಸುಬು. ತನ್ನ ಮನೆಗೆ ಮಾತ್ರ ಏನೂ ಆಗುವುದಿಲ್ಲ ಎಂದು ಅವನಿಗೆ ಯಾರು ಬರೆದುಕೊಟ್ಟಿದ್ದರೋ ಕಾಣೆ. ನಾನು ಸೂಪರ್ ಮಾರ್ಕೆಟ್ಟಿನ ಬಿಲ್ಲಿಂಗ್ ಕೌಂಟರಿನಲ್ಲಿ ನಿಲ್ಲುವವಳು. ಗಿಫ್ಟ್ ಕಾರ್ಡುಗಳ ಸ್ಟ್ಯಾಂಡು ನನ್ನ ಬಲಗೈಯ ಪಕ್ಕದಲ್ಲೇ ಇದೆ. ಆದ್ದರಿಂದ ಅವನ ದೃಷ್ಟಿಯಲ್ಲಿ ನಾನು ಬಹಳ ಉಪಯೋಗಕ್ಕೆ ಬರುವ ನಾದಿನಿ.

"ನೋಡಮ್ಮ, ಇದರಲ್ಲಿ ತಲೆ ಓಡಿಸೋದೇನೂ ಇಲ್ಲ" ಎಂದು ಶುರುವಿನಲ್ಲಿ ಅವನೇ ನನಗೆ ಪಾಠ ಹೇಳಿದ್ದ. "ಕ್ರೆಡಿಟ್ ಕಾರ್ಡಲ್ಲಿ ಐನೂರು ಡಾಲರಿನ ಗಿಫ್ಟ್ ಕಾರ್ಡ್ ತಗೋತೀನಿ. ಖರ್ಚು ಮಾಡಿದ ಅಂತ ಕಂಪನಿಯವರು ಪಾಯಿಂಟ್ ಕೊಡ್ತಾರೆ. ಆ ಗಿಫ್ಟ್ ಕಾರ್ಡನ್ನ ನಿಮ್ಮ ಅಂಗಡಿಯದೇ ಮನಿ ಆರ್ಡರ್ ಕಿಟಕಿಯಲ್ಲಿ ಕೊಟ್ಟು ನನ್ನ ಹೆಸರಿಗೇ ಚೆಕ್ಕಿನಂಥ ಒಂದು ಮನಿ ಆರ್ಡರ್ ಕಾಗದ ಮಾಡಿಸ್ತೀನಿ. ಅದನ್ನ ಬ್ಯಾಂಕಿಗೆ ಹಾಕಿ, ಅದೇ ದುಡ್ಡಲ್ಲಿ ಕ್ರೆಡಿಟ್ ಕಾರ್ಡ್ ಬಿಲ್ ಕಟ್ತೀನಿ. ದುಡ್ಡು ಹೊರಟ ಜಾಗಕ್ಕೇ ವಾಪಸ್ ಬಂತು. ಪಾಯಿಂಟ್ ನನ್ನ ಜೇಬಲ್ಲಿ ಉಳೀತು. ಪಾಯಿಂಟ್ ಕೊಟ್ಟು ವಿಮಾನ ಹತ್ತೋದು."

"ಅಂದ್ರೆ ಏನೂ ಕೊಂಡುಕೊಳ್ಳದೇ ಖರ್ಚು ಮಾಡೋದಾ ಭಾವ?"

"ಅದೇ ಅದರ ಮಜಾ."

"ಪ್ರತಿ ಕಾರ್ಡಿಗೂ ಮೇಲೆ ಫೀಸ್ ಕಟ್ಟಬೇಕಲ್ಲ. ಮನಿ ಆರ್ಡರಿಗೂ ಕಟ್ಟಬೇಕು."

"ಚಿಲ್ಲರೆ ಅದು. ವಿಮಾನದಲ್ಲಿ ಮಲಗಿಕೊಂಡು ಹೋಗೋ ಸೀಟಿನ ಬೆಲೆ ಗೊತ್ತಾ ನಿನಗೆ?"

ಗೊತ್ತಿಲ್ಲ. ನಾನು ಮಲಗುವುದಕ್ಕೆ ಮನೆಗೆ ಹೋಗುತ್ತೇನೆ.

ಇಷ್ಟು ವರ್ಷಗಳ ಈ ಗಾಣದ ಸುತ್ತಿನಲ್ಲಿ ಅವನು ಆ ಸೀಟಿನಲ್ಲಿ ಮಲಗಿದ್ದು ಒಂದೇ ಸಲ, ಅದೂ ಒಬ್ಬನೇ. ಅಕ್ಕನಿಗೆ ಪಾಯಿಂಟು ಸಾಲಲಿಲ್ಲವಂತೆ. ಪುಕ್ಕಟೆ ಸಿಕ್ಕರೆ ನನಗೊಂದು ನಮ್ಮಪ್ಪನಿಗೊಂದು ಎನ್ನುವವರನ್ನು ಕಂಡಿದ್ದೇನೆ. ಇವನು ಅಪ್ಪನಿಗೂ ಕೊಡುವ ಗಿರಾಕಿಯಲ್ಲ. ವಿಮಾನದಲ್ಲಿ ಕೊಟ್ಟ ಬಿಳಿ ಬಟ್ಟೆಯ ಚಪ್ಪಲಿಯನ್ನು ಇವತ್ತಿಗೂ ಬಚ್ಚಲಿಗೆ ಮೆಟ್ಟಿಕೊಂಡು ಹೋಗುತ್ತಾನೆ. ಅದರ ಬಣ್ಣ ಈಗ ಏನಾಗಿದೆ ಎಂದು ಹೇಳಿದರೆ ನೀವು ಊಟ ಬಿಡುತ್ತೀರಿ.

ನಮ್ಮ ಅಂಗಡಿಗೆ ಬಂದರೆ ಅವನು ಸ್ಟ್ಯಾಂಡಿನ ಮುಂದಿನ ಕಾರ್ಡುಗಳನ್ನು ಮುಟ್ಟುವುದಿಲ್ಲ. ಹಿಂದಿನ ಸಾಲಿಗೆ ಕೈ ತೂರಿಸಿ, ಒಂದೊಂದು ಪ್ಯಾಕೆಟ್ಟಿನ ಅಂಚನ್ನೂ ಉಗುರಿನಿಂದ ಸವರಿ ನೋಡುತ್ತಾನೆ, ಮೂಸುವುದೊಂದು ಬಾಕಿ. ಅದಕ್ಕೆ ಕಾರಣವುಂಟು. ಕಳ್ಳರು ಪ್ಯಾಕೆಟ್ಟನ್ನು ನಾಜೂಕಾಗಿ ಬಿಡಿಸಿ, ನಂಬರು ಬರೆದುಕೊಂಡು, ಹೊಸ ಪಟ್ಟಿ ಅಂಟಿಸಿ, ಮತ್ತೆ ಅಲ್ಲೇ ತಗುಲಿಸಿ ಹೋಗುತ್ತಾರೆ. ನಾವು ಕೌಂಟರಿನಲ್ಲಿ ದುಡ್ಡು ತುಂಬುತ್ತಿದ್ದ ಹಾಗೇ ಅವರು ಎಲ್ಲೋ ಕೂತು ಖಾಲಿ ಮಾಡುತ್ತಾರೆ. ಭಾವನಿಗೂ ಒಮ್ಮೆ ಹಾಗೆ ಎರಡು ಕಾರ್ಡು ಬರಿದಾಗಿ ಬಂದಿದ್ದವು. ಕಾರ್ಡಿನ ಕಂಪನಿ ಅಂಗಡಿಯನ್ನು ಕೇಳು ಎಂದಿತು, ಅಂಗಡಿ ಕಂಪನಿಯನ್ನು ಕೇಳು ಎಂದಿತು. ಕೊನೆಗೆ ಆ ತಿಂಗಳ ಮನೆಖರ್ಚನ್ನು ಅಕ್ಕ ತೂಗಿಸಿದಳು. ಅವನು ಅದಕ್ಕೆ ಕಲಿತುಕೊಳ್ಳುವ ಖರ್ಚು ಎಂದು ಹೆಸರಿಟ್ಟ.

ಆಮೇಲೆ ಅವನ ಬ್ಯಾಂಕು ಅವನನ್ನು ಹೊರಗೆ ಹಾಕಿತು. ವಾರವಾರವೂ ಒಂದೇ ಅಳತೆಯ ಮನಿ ಆರ್ಡರುಗಳು ಬಂದು ಬೀಳುವುದು, ಬಿದ್ದ ಮರುದಿನವೇ ದುಡ್ಡು ಕ್ರೆಡಿಟ್ ಕಾರ್ಡಿಗೆ ಹೋಗುವುದು. ಬ್ಯಾಂಕಿನವರು ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾಯುವುದೇ ಇಂಥದಕ್ಕೆ. ಕಳ್ಳದುಡ್ಡು ತೊಳೆಯುವವರ ನಡೆಯೂ ಹೀಗೇ ಇರುತ್ತದಂತೆ. ಕಾನೂನಿನಲ್ಲಿ ತಪ್ಪಿಲ್ಲ, ಕಾನೂನಿನಲ್ಲಿ ತಪ್ಪಿಲ್ಲ ಎಂದು ಅವನು ಮನೆಯೆಲ್ಲ ಓಡಾಡಿದ. ಇಲ್ಲದಿರಬಹುದು. ಹಾಗೆಂದು ಅವನ ಅಕೌಂಟು ಇಟ್ಟುಕೊಳ್ಳಲೇಬೇಕೆಂಬ ಹಂಗು ಬ್ಯಾಂಕಿಗೂ ಇರಲಿಲ್ಲ.

ಅಲ್ಲಿಗೆ ಮುಗಿಯಬೇಕಿತ್ತು. ಮುಂದಿನ ಭಾನುವಾರ ಊಟಕ್ಕೆ ಕೂತಾಗ ಅವನು ಅಕ್ಕನ ಬೆನ್ನು ತಟ್ಟಿ, "ಇನ್ನು ಮೇಲೆ ಇವಳೇ ನಮ್ಮ ಎರಡನೇ ಆಟಗಾರ್ತಿ" ಎಂದ. ಅವನ ಹಾಗೆ ಕಾರ್ಡು ಸುತ್ತಿಸುವವರ ಗುಂಪೊಂದು ಫೋನಿನಲ್ಲಿದೆ. ಅಲ್ಲಿ ಹೆಂಡತಿಯರನ್ನು ಹಾಗೆನ್ನುತ್ತಾರಂತೆ. ಮೊದಲನೇ ಆಟಗಾರ ಔಟಾದರೆ ಎರಡನೆಯವಳ ಅಕೌಂಟು.

ಅಕ್ಕ ನಕ್ಕಳು. ನಾನು ಕೈಯಲ್ಲಿದ್ದ ತುತ್ತನ್ನು ತಟ್ಟೆಗೇ ಇಟ್ಟೆ.

ಅಕ್ಕನ ಅಕೌಂಟಿನಲ್ಲಿ ಏನಿತ್ತು ಎಂದು ಹೇಳುತ್ತೇನೆ. ಅವಳು ಬ್ಯೂಟಿ ಪಾರ್ಲರಿನಲ್ಲಿ ಕೂದಲು ಕತ್ತರಿಸುವವಳು, ಬಣ್ಣ ಹಚ್ಚುವವಳು. ಬಣ್ಣದ ಔಷಧಿಗೆ ಅವಳ ಬೆರಳಿನ ಸಂದುಗಳೆಲ್ಲ ಒಡೆದಿವೆ. ನಿಂತು ನಿಂತು ಮೀನಖಂಡದಲ್ಲಿ ನೀಲಿ ನರಗಳು ಗಂಟುಕಟ್ಟಿವೆ. ಪಾರ್ಲರಿನ ಯಜಮಾನಿಗೆ ವಯಸ್ಸಾಯಿತು, ಮಂಡಿ ಹೋಯಿತು. ಕುರ್ಚಿ, ಕನ್ನಡಿ, ಗಿರಾಕಿಗಳ ಸಮೇತ ಅಂಗಡಿಯನ್ನು ಅಕ್ಕನಿಗೇ ಬಿಟ್ಟುಕೊಡುತ್ತೇನೆ, ತಿಂಗಳ ಕೊನೆಯ ಶುಕ್ರವಾರದೊಳಗೆ ಅಡ್ವಾನ್ಸು ತಂದುಕೊಡು, ಇಲ್ಲದಿದ್ದರೆ ಕಾದಿರುವ ಇನ್ನೊಬ್ಬರಿಗೆ ಕೊಡುತ್ತೇನೆ ಎಂದಿದ್ದರು. ಅಷ್ಟು ದುಡ್ಡು ಅಕ್ಕನ ಅಕೌಂಟಿನಲ್ಲಿತ್ತು. ಗಿರಾಕಿಗಳು ಕೈಗಿಟ್ಟ ಟಿಪ್ಸನ್ನು ಒಂದು ಬಿಸ್ಕತ್ತಿಗೂ ಮುರಿಯದೆ ಕೂಡಿಟ್ಟ ದುಡ್ಡು ಅದು. ತನ್ನ ಅಂಗಡಿಗೆ ಯಾವ ಬಣ್ಣದ ಪರದೆ ಎಂಬುದನ್ನು ಕೂಡ ಅವಳು ಗೊತ್ತುಮಾಡಿಕೊಂಡಿದ್ದಳು.

ಆ ದುಡ್ಡಿನ ನಡುವೆ ಭಾವನ ಮನಿ ಆರ್ಡರುಗಳು ಬಂದು ಬೀಳತೊಡಗಿದವು. ಅಂಗಡಿಯ ಶುಕ್ರವಾರಕ್ಕೆ ಎಂಟು ದಿನ ಇದೆ ಎನ್ನುವಾಗ ಬ್ಯಾಂಕು ಅಕ್ಕನ ಅಕೌಂಟನ್ನೂ ತಡೆಹಿಡಿಯಿತು. ಈ ಸಲ ಬರೀ ಮುಚ್ಚಿ ಕಳಿಸಲಿಲ್ಲ. ವಿಚಾರಣೆ ಮುಗಿಯುವ ತನಕ ಒಳಗಿನ ದುಡ್ಡನ್ನೂ ಮುಟ್ಟುವಂತಿಲ್ಲ ಎಂದಿತು. ನಾನೇ ಅವಳ ಜೊತೆ ಹೋಗಿದ್ದೆ. ಗಾಜಿನಾಚೆಯ ಹೆಂಗಸು ಬಹಳ ಮೃದುವಾಗಿ, ವಾರಗಳು ಹಿಡಿಯಬಹುದು, ಇನ್ನೂ ಹೆಚ್ಚೂ ಹಿಡಿಯಬಹುದು ಎಂದಳು.

"ಇದು ನನ್ನ ದುಡಿಮೆಯ ದುಡ್ಡು ಮೇಡಂ" ಎಂದಳು ಅಕ್ಕ.

"ಯಾವುದು ದುಡಿಮೆಯದು, ಯಾವುದು ಅಲ್ಲ ಅಂತ ನೋಡೋಕೇ ವಿಚಾರಣೆ" ಎಂದಳು ಆಕೆ. ತಪ್ಪೇನು ಹೇಳಿದಳು?

ಮನೆಗೆ ಬಂದರೆ ಭಾವ ಕಾಲ ಮೇಲೆ ಕಾಲು ಹಾಕಿಕೊಂಡು ಕೂತಿದ್ದ. "ದುಡ್ಡು ಎಲ್ಲೂ ಹೋಗಿಲ್ವಲ್ಲ, ಅಲ್ಲೇ ಇದೆ. ಇಂಥದ್ದೆಲ್ಲ ಆಟದಲ್ಲಿ ಇದ್ದಿದ್ದೇ" ಎಂದ. ಅವನ ಕ್ರೆಡಿಟ್ ಕಾರ್ಡಿನ ಬಿಲ್ಲನ್ನು ಮುಂದಿನ ಶುಕ್ರವಾರದೊಳಗೇ ಕಟ್ಟಬೇಕಿತ್ತು. ಕಟ್ಟದಿದ್ದರೆ ಬೀಳುವ ಬಡ್ಡಿ ವರ್ಷವಿಡೀ ಕೆರೆದ ಪಾಯಿಂಟನ್ನೆಲ್ಲ ಒಂದೇ ತುತ್ತಿಗೆ ನುಂಗುವಂಥದ್ದು. ಅವನ ಮುಖದಲ್ಲಿದ್ದ ಚಿಂತೆಯೆಲ್ಲ ಆ ಬಿಲ್ಲಿನದು. ಅಂಗಡಿಯ ಮಾತನ್ನು ಅವನು ಎತ್ತಲೇ ಇಲ್ಲ. ಥೂ, ಇವನೂ ಒಬ್ಬ ಮನುಷ್ಯನೇ ಎನಿಸಿತು ನನಗೆ. ಅವನ ಚಪ್ಪಲಿ ನೋಡಿದರೂ ಮೈ ಉರಿಯಿತು.

ನನ್ನ ಮಗಳ ಕಾಲೇಜಿಗೆಂದು ನಾನು ಇಟ್ಟಿದ್ದ ದುಡ್ಡು ಅಕ್ಕನ ಅಡ್ವಾನ್ಸಿಗೆ ಸಾಲುವಷ್ಟಿತ್ತು. ಗಂಡನನ್ನು ಒಪ್ಪಿಸಿ ಅದನ್ನು ಬಿಡಿಸಿದೆ. ಗುರುವಾರ ಮಧ್ಯಾಹ್ನ ಪಾರ್ಲರಿಗೇ ಹೋಗಿ, ಯಾರದ್ದೋ ತಲೆಗೆ ಬಣ್ಣ ಹಚ್ಚುತ್ತಿದ್ದ ಅಕ್ಕನನ್ನು ಹಿಂದಿನ ಕೋಣೆಗೆ ಕರೆದು, ಟವೆಲುಗಳ ರಾಶಿಯ ಪಕ್ಕದಲ್ಲಿ ನೋಟಿನ ಕಟ್ಟನ್ನು ಅವಳ ಕೈಗಿಟ್ಟೆ.

"ಈಗಲೇ ಕೊಟ್ಟುಬಿಡು. ಯಜಮಾನಿ ಎಲ್ಲಿ?"

"ಡಾಕ್ಟರ ಹತ್ರ ಹೋಗಿದ್ದಾರೆ. ನಾಳೆ ಸಂಜೆ ಆರು ಗಂಟೆ ತನಕ ಟೈಮಿದೆಯಲ್ಲ."

"ಭಾವನ ಕೈಗೆ ಮಾತ್ರ ಕೊಡಬೇಡ ಅಕ್ಕ. ನಿನ್ನ ದಮ್ಮಯ್ಯ."

"ನನಗೇನು ಅಷ್ಟೂ ಬುದ್ಧಿ ಇಲ್ವೇನೇ" ಎಂದು ಗ್ಲೋವ್ಸ್ ಹಾಕಿದ ಕೈಯಲ್ಲೇ ನನ್ನ ಕೆನ್ನೆ ಹಿಡಿದಳು. ಕೆನ್ನೆಗೆ ಬಣ್ಣ ಹತ್ತಿತು. ಇಬ್ಬರೂ ನಕ್ಕೆವು.

ಶುಕ್ರವಾರ ಬೆಳಗ್ಗೆ ನಮ್ಮ ಸೂಪರ್ ಮಾರ್ಕೆಟ್ಟಿನ ಬಾಗಿಲು ತೆಗೆಯುವ ಮುಂಚೆ ಮ್ಯಾನೇಜರು ನಮ್ಮನ್ನೆಲ್ಲ ನಿಲ್ಲಿಸಿಕೊಂಡು ಹೊಸ ನಿಯಮ ಹೇಳಿದರು. ಇವತ್ತಿನಿಂದ ನಮ್ಮ ಕಿಟಕಿಯಲ್ಲಿ ಮನಿ ಆರ್ಡರಿಗೆ ಗಿಫ್ಟ್ ಕಾರ್ಡು ತೆಗೆದುಕೊಳ್ಳುವಂತಿಲ್ಲ. ನಗದು ಇಲ್ಲವೇ ಸ್ವಂತ ಬ್ಯಾಂಕಿನ ಕಾರ್ಡು, ಎರಡೇ. ಊರಿನ ನಮ್ಮ ಎಲ್ಲ ಶಾಖೆಗಳಲ್ಲೂ ಹಾಗೇ. ಭಾವನ ಗಾಣಕ್ಕೆ ಕಲ್ಲು ಬಿತ್ತು ಎಂದು ಒಳಗೊಳಗೇ ಹಿಗ್ಗಿದೆ. ಆ ಹಿಗ್ಗು ಹನ್ನೊಂದು ಗಂಟೆಯ ತನಕ ಇತ್ತು.

ಹನ್ನೊಂದಕ್ಕೆ ನನ್ನ ಸಾಲಿನಲ್ಲಿ ಅಕ್ಕ ನಿಂತಿದ್ದಳು. ಕೆಲಸಕ್ಕೆ ಹೋಗಬೇಕಾದ ಹೊತ್ತು. ಅವಳ ಸರದಿ ಬಂದಾಗ ಬುಟ್ಟಿಯಿಂದ ತೆಗೆದು ಬೆಲ್ಟಿನ ಮೇಲೆ ಇಟ್ಟದ್ದು ಒಂದು ಕಟ್ಟು ಗಿಫ್ಟ್ ಕಾರ್ಡು. ಎಲ್ಲವೂ ಐನೂರರವು. ಹಿಂದಿನ ಸಾಲಿನಿಂದ ಆರಿಸಿದವು.

"ಅಡ್ವಾನ್ಸ್ ಕೊಟ್ಟೆಯಾ?" ಎಂದು ಕೇಳಿದೆ.

"ಸಂಜೆ ಕೊಡ್ತೀನಿ."

"ನಾನು ಕೊಟ್ಟ ದುಡ್ಡೆಲ್ಲಿ?"

ಅವಳು ಹಿಂದೆ ನಿಂತವರನ್ನೊಮ್ಮೆ ನೋಡಿ ನನ್ನ ಕಡೆ ಬಾಗಿದಳು. "ಅದರಲ್ಲಿ ಅವರ ಬಿಲ್ ಕಟ್ಟಿದ್ವಿ. ಗಾಬರಿಯಾಗಬೇಡ, ಪೂರ್ತಿ ಕೇಳು. ಬಿಲ್ ಕಟ್ಟಿದ್ದಕ್ಕೆ ಕಾರ್ಡಲ್ಲಿ ಮತ್ತೆ ಅಷ್ಟೇ ಜಾಗ ಆಯ್ತು. ಇವನ್ನ ತಗೊಂಡು ಯಜಮಾನಿ ಹೆಸರಿಗೇ ಮನಿ ಆರ್ಡರ್ ಮಾಡಿಸಿ ಕೊಟ್ಟುಬಿಡ್ತೀನಿ. ಬ್ಯಾಂಕಿನ ಗೋಜೇ ಇಲ್ಲ. ಬಿಲ್ಲೂ ತೀರಿತು, ಅಂಗಡೀನೂ ಬಂತು. ನೋಟನ್ನ ಹಾಗೇ ಕೊಟ್ಟಿದ್ರೆ ಏನೂ ಸಿಕ್ತಿರಲಿಲ್ಲ ಕಣೇ. ಒಂದು ಸುತ್ತು ಹಾಕಿಸಿದ್ರೆ ಪಾಯಿಂಟಾದ್ರೂ ಬರುತ್ತೆ."

ಅದು ನನ್ನ ಅಕ್ಕನ ಬಾಯಿ, ಮಾತು ಅವನದು. ನನ್ನ ಮಗಳ ಕಾಲೇಜಿನ ದುಡ್ಡನ್ನೂ ಇವರು ಸುತ್ತು ಹಾಕಿಸಿದ್ದರು. ಇಷ್ಟು ದಿನ ಭಾವನ ಮೇಲಿದ್ದ ಹೇಸಿಗೆ ಮೊದಲ ಸಲ ಅವಳ ಮೇಲೂ ಬಂತು, ಬಂದದ್ದಕ್ಕೆ ನನ್ನ ಮೇಲೂ ಬಂತು.

"ಅಕ್ಕ, ಇವತ್ತಿನಿಂದ ಕಿಟಕಿಯಲ್ಲಿ ಗಿಫ್ಟ್ ಕಾರ್ಡ್ ತಗೊಳ್ಳಲ್ಲ. ನಮ್ಮ ಯಾವ ಅಂಗಡಿಯಲ್ಲೂ ತಗೊಳ್ಳಲ್ಲ. ಇವನ್ನ ಕೊಂಡ್ರೆ ದುಡ್ಡು ಇವುಗಳಲ್ಲೇ ಸಿಕ್ಕಿಹಾಕಿಕೊಳ್ಳುತ್ತೆ. ಇಟ್ಟು ಹೋಗು."

"ಅವರಿಗೆ ಬೇರೆ ಕಡೆ ಗೊತ್ತಂತೆ."

"ಎಲ್ಲಿ?"

"ನನಗೇನು ಗೊತ್ತು. ಅವರಿಗೆ ಗೊತ್ತು."

"ನಾನು ಬಿಲ್ ಮಾಡಲ್ಲ."

ಹಿಂದಿದ್ದ ಮುದುಕ ಕೆಮ್ಮಿದ. ಅಕ್ಕ ಬೆಲ್ಟಿನ ಮೇಲಿದ್ದುದನ್ನೆಲ್ಲ ಒಟ್ಟುಮಾಡಿಕೊಂಡಳು. ಅವಳ ಕಣ್ಣಲ್ಲಿ ಸಿಟ್ಟಿರಲಿಲ್ಲ, ಸೋತುಹೋದ ಹಟವಿತ್ತು. ಕಾರ್ಡುಗಳನ್ನು ಎದೆಗವಚಿಕೊಂಡು ಪಕ್ಕದ ಕೌಂಟರಿಗೆ ಹೋಗಿ ನಿಂತಳು. ಅಲ್ಲಿದ್ದವಳು ಕೆಲಸಕ್ಕೆ ಸೇರಿ ಒಂದು ವಾರವಾಗಿತ್ತು, ಅವಳಿಗೆ ನನ್ನ ಅಕ್ಕ ಯಾರೆಂದು ಗೊತ್ತಿಲ್ಲ.

ಇತ್ತೀಚೆಗೆ ಕಳ್ಳರು ವಯಸ್ಸಾದವರಿಗೆ ಫೋನು ಮಾಡಿ ಹೆದರಿಸಿ, ಗಿಫ್ಟ್ ಕಾರ್ಡು ಕೊಳ್ಳಿಸಿ, ನಂಬರು ಕಸಿದುಕೊಳ್ಳುವುದು ಹೆಚ್ಚಾಗಿದೆ. ಅದಕ್ಕೆ ಇಷ್ಟೊಂದು ಕಾರ್ಡು ಒಟ್ಟಿಗೆ ಕೊಳ್ಳುವವರನ್ನು ನಾವು ಒಂದು ಪ್ರಶ್ನೆ ಕೇಳಲೇಬೇಕು. ಹೌದು ಎಂದರೆ ಮಾರುವಂತಿಲ್ಲ. ಹೊಸಬಳು ಬಾಯಿಪಾಠ ಒಪ್ಪಿಸುವ ಹಾಗೆ ಕೇಳಿದಳು.

"ಈ ಕಾರ್ಡ್‌ಗಳನ್ನ ತಗೊಳ್ಳಿ ಅಂತ ನಿಮಗೆ ಯಾರಾದ್ರೂ ಹೇಳಿದ್ದಾರಾ ಮೇಡಂ? ಯಾರಾದ್ರೂ ಒತ್ತಾಯ ಮಾಡ್ತಿದ್ದಾರಾ?"

ನನ್ನ ಕೈಯಲ್ಲಿ ಮುದುಕನ ಈರುಳ್ಳಿ ಚೀಲವಿತ್ತು. ಹೌದು ಎನ್ನು ಅಕ್ಕ, ಒಂದೇ ಒಂದು ಸಲ ಹೌದು ಎನ್ನು ಎಂದು ಮನಸ್ಸಿನಲ್ಲೇ ಬೇಡಿಕೊಂಡೆ.

"ಇಲ್ಲಮ್ಮ" ಎಂದಳು ಅಕ್ಕ, ನನಗೆ ಕೇಳಿಸುವಷ್ಟು ಗಟ್ಟಿಯಾಗಿ. "ಯಾರೂ ಹೇಳಿಲ್ಲ. ನನಗೇ ಬೇಕು."

ಹೊಸಬಳು ಒಂದೊಂದೇ ಕಾರ್ಡಿಗೆ ದುಡ್ಡು ತುಂಬಿದಳು. ಆರು ಗಂಟೆಗೆ ಪಾರ್ಲರಿನ ಕೀ ಬೇರೆಯವರ ಕೈ ಸೇರಿತು. ಆಗ ಅಕ್ಕ ಊರಾಚೆಯ ಯಾವುದೋ ಅಂಗಡಿಯ ಕಿಟಕಿಯ ಮುಂದೆ ಸಾಲಿನಲ್ಲಿ ನಿಂತಿದ್ದಳಂತೆ, ಭಾವ ಕಾರಿನಲ್ಲಿ ಕೂತು ಕಾಯುತ್ತಿದ್ದನಂತೆ.