ಟ್ರಿಫೋನನಿಗೆ ನಾನು ಕೊಡಿಸಿದ ಎರಡು

ಏಳನೇ ತರಗತಿಯಲ್ಲಿ ನಾನೊಬ್ಬ ನೀಚ ಹುಡುಗ. ಲೆಕ್ಕದಲ್ಲಿ ಜಾಣ, ಅದೇ ತಲೆಗೇರಿತ್ತು.

ಡ್ಯಾನ್ಯೂಬ್ ದಂಡೆಯ ನಮ್ಮ ದ್ರಾಕ್ಷಿತೋಟದ ಊರಿಗೆ ಕಾಮ್ರೇಡ್ ಪೆಂಕೋವಾ ಹೊಸ ಟೀಚರಾಗಿ ಬಂದಿದ್ದರು. ಪರೀಕ್ಷೆಗೆ ಮೊದಲು ಮೂವರು ಮೂವರ ಗುಂಪು. ಹಳೇ ಪಾಠ ಒಬ್ಬರಿಗೊಬ್ಬರು ಹೇಳಿಕೊಡಬೇಕು. ಪರೀಕ್ಷೆಯ ದಿನ ಗುಂಪಿಗೊಂದು ಚೀಟಿ ಎತ್ತುತ್ತಾರೆ. ಹೆಸರು ಬಂದವನು ಬೋರ್ಡಿನ ಮೇಲೆ ಲೆಕ್ಕ ಮಾಡಬೇಕು, ಅವನ ಅಂಕವೇ ಮೂವರಿಗೂ. ಆರು ಅಂದರೆ ಪೂರ್ತಿ, ಎರಡು ಅಂದರೆ ಫೇಲು.

ನನ್ನ ಗುಂಪಿಗೆ ಜ್ಲಾಟ್ಕಾ ಬಂದಳು, ಪರವಾಗಿಲ್ಲ. ಜೊತೆಗೆ ಟ್ರಿಫೋನ್, ಭಿನ್ನರಾಶಿ ಕಂಡರೆ ಬೆವರುವವನು. ಈ ಸಲವೂ ಎರಡು ಬಂದರೆ ಅವನು ಏಳರಲ್ಲೇ ಇನ್ನೊಂದು ವರ್ಷ ಕೂರಬೇಕಿತ್ತು.

ನಾಲ್ಕು ಸಂಜೆ ಅವನ ಮನೆಯಲ್ಲಿ ಸೇರಿದೆವು. ಹೇಳಿಕೊಟ್ಟವಳು ಜ್ಲಾಟ್ಕಾ. ನಾನು ಅಕ್ರೋಟು ಒಡೆದು ತಿಂದೆ. ಕೊನೆಯ ಸಂಜೆ ಗೇಟಿನ ಹತ್ತಿರ ಅವನನ್ನು ಹಿಡಿದೆ.

"ಲೋ, ನಾಳೆ ನಿಂಗೆ ಹೊಟ್ಟೆನೋವು."

"ಇಲ್ವಲ್ಲೋ, ಚೆನ್ನಾಗೇ ಇದೀನಿ."

"ಬರುತ್ತೆ ಅಂದ್ನಲ್ಲ! ನಿನ್ ಚೀಟಿ ಬಂದ್ರೆ ನಾವೂ ಮುಳುಗ್ತೀವಿ, ಗೊತ್ತಾಯ್ತಾ?"

ಅವನು ನೆಲ ನೋಡಿದ. "ಆಯ್ತು ಬಿಡು."

ಪರೀಕ್ಷೆಗೆ ಅವನು ಬರಲಿಲ್ಲ. ಚೀಟಿ ನನ್ನದೇ ಬಂತು, ಆರು ಹೊಡೆದೆ. ಅಷ್ಟಕ್ಕೇ ಮುಗಿಯಿತು ಅಂದುಕೊಂಡರೆ, ಪೆಂಕೋವಾ ನಮ್ಮ ಮೇಜಿನ ಹತ್ತಿರ ಬಂದು ನನ್ನನ್ನು ಮೆಲ್ಲಗೆ ಕೇಳಿದರು.

"ಬರದೇ ಇರೋನಿಗೆ ಗುಂಪೇ ಅಂಕ ಹೇಳ್ಬೇಕು. ಅವನು ಕಲಿತದ್ದು ನೋಡಿದೋರು ನೀವು. ಏನಪ್ಪಾ ರಾಡ್ಕೋ, ಎಷ್ಟು ಕೊಡೋಣ?"

ಜ್ಲಾಟ್ಕಾ ಮೇಜಿನ ಕೆಳಗೆ ಒದ್ದಳು. ನಾಲ್ಕು ಅಂದಿದ್ದರೆ ನನ್ನ ಗಂಟೇನು ಹೋಗುತ್ತಿತ್ತು? ಆದರೆ ಲೆಕ್ಕ ಬರುತ್ತದೆ ಅಂದರೆ, ಮತ್ತೆ ಪರೀಕ್ಷೆಗೆ ಯಾಕೆ ಬರಲಿಲ್ಲ ಅಂತ ಕೇಳುತ್ತಾರಲ್ಲ.

"ಎರಡು, ಕಾಮ್ರೇಡ್. ಏನೂ ಬರಲ್ಲ ಅವನಿಗೆ. ಹೆದರ್ಕೊಂಡು ಮನೇಲಿ ಕೂತಿದಾನೆ."

ಮರುದಿನ ಸಂತ ಟ್ರಿಫೋನನ ಹಬ್ಬ, ಅಂದರೆ ಆ ಹೆಸರಿನವರ ಮನೆಯಲ್ಲೆಲ್ಲ ಊಟ. ಹೆಸರಿನ ಹಬ್ಬಕ್ಕೆ ಯಾರೂ ಕರೆಯುವುದಿಲ್ಲ, ಬೇಕಾದವರು ತಾವೇ ಹೋಗುತ್ತಾರೆ. ಹೋಗದಿದ್ದರೆ ಏನೋ ನಡೆದಿದೆ ಅಂತ ಊರಿಗೇ ತಿಳಿಯುತ್ತದೆ. ಅದಕ್ಕೇ ಹೋದೆ.

ಅವನ ತಾಯಿ ಇಸ್ಕ್ರಾ ಬಾನಿತ್ಸಾ ಮಾಡಿದ್ದಳು, ಚೀಸ್ ತುಂಬಿ ಸುಟ್ಟ ಪದರ ಪದರದ ರೊಟ್ಟಿ. ದೊಡ್ಡ ತುಂಡು ನನ್ನ ತಟ್ಟೆಗೇ ಬಂತು.

"ತಿನ್ನು ಮಗಾ. ನಾಲ್ಕು ಸಂಜೆ ನಮ್ ಮಂಕನ ಜೊತೆ ತಲೆ ಚಚ್ಕೊಂಡಿದೀಯ. ಟೀಚರ್ ಎರಡು ಕೊಟ್ರಂತೆ, ಅದಕ್ಕೆ ನೀನೇನ್ ಮಾಡ್ತೀಯ? ಹಾಳು ಹೊಟ್ಟೆನೋವು!"

ಟ್ರಿಫೋನ್ ಎದ್ದು ನೋಟ್‌ಬುಕ್ ತಂದ. ಪರೀಕ್ಷೆಯ ಲೆಕ್ಕವನ್ನು ಜ್ಲಾಟ್ಕಾಳಿಂದ ಕೇಳಿಕೊಂಡು ಒಬ್ಬನೇ ಮಾಡಿದ್ದ.

"ಸರಿ ಇದೆಯೇನೋ ನೋಡು."

ಪ್ರತಿ ಸಾಲೂ ಸರಿ ಇತ್ತು. "ಇದೆ" ಅಂದೆ.

"ಹಂಗಾದ್ರೆ ನೀವು ಮುಳುಗ್ತಿರ್ಲಿಲ್ಲ," ಅಂದ, ತಾಯಿಗೆ ಕೇಳಿಸದ ಹಾಗೆ. ಎರಡು ಅಂದದ್ದು ಯಾರು ಅಂತ ಜ್ಲಾಟ್ಕಾ ಹೇಳಿದ್ದಳೋ ಇಲ್ಲವೋ, ಅವನ ಮುಖ ನೋಡಿದ್ದರೆ ತಿಳಿಯುತ್ತಿತ್ತು. ನಾನು ನೋಡಲಿಲ್ಲ.

ಪೆಂಕೋವಾ ಹತ್ತಿರ ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಲಿಲ್ಲ. ನಾವೆಲ್ಲ ಎಂಟಕ್ಕೆ ಹೋದೆವು, ಅವನು ಏಳರಲ್ಲೇ ಕೂತ.

ಮುಂದಿನ ವರ್ಷದ ಹಬ್ಬಕ್ಕೂ ಹೋದೆ. ದೊಡ್ಡ ತುಂಡು ಮತ್ತೆ ನನಗೇ. ತಿಂದೆ.