ಹತ್ತು ಭಾಗ ಕೆಳಗೆ

ಅಕ್ಕ ಹಾಡಿದ ಹೊಸ ಹಾಡಿನ ಮೂರನೆಯ ಸಾಲಿನ ಕೊನೆಗೆ ಬಂದಾಗ ಅವಳು ಕಂಪ್ಯೂಟರಿನ ತೆರೆಯ ಮೇಲಿನ ದನಿಯ ಅಲೆಯನ್ನು ಹಿಗ್ಗಿಸಿದಳು. ಎರಡು ಪದಗಳ ನಡುವೆ ಸಣ್ಣದಾಗಿ ಉಬ್ಬಿದ್ದದ್ದು ಅಕ್ಕ ಎಳೆದುಕೊಂಡ ಉಸಿರು. ಅದನ್ನು ಪೂರ್ತಿ ಕತ್ತರಿಸಬಾರದು. ಕತ್ತರಿಸಿದರೆ ಹಾಡುವವಳು ಮನುಷ್ಯಳೇ ಅಲ್ಲವೆನ್ನಿಸುತ್ತದೆ. ಅರ್ಧಕ್ಕೆ ಇಳಿಸಿ ಮುಂದಿನ ಉಸಿರಿಗೆ ಹೋದಳು.

ಕಿಟಕಿಗೆ ಹಳೆಯ ಹಾಸಿಗೆ ಒರಗಿಸಿ, ಗೋಡೆಗೆಲ್ಲ ರಜಾಯಿ ಹೊಡೆದ ಈ ಕೋಣೆಯಲ್ಲಿ ಮೊದಲು ಬೇಡದ ಸಾಮಾನಿತ್ತು. ಧ್ವನಿಮುದ್ರಣದ ದಿನ ಫ್ಯಾನಿನ ಜೊತೆ ಅಡುಗೆಮನೆಯ ಫ್ರಿಜ್ಜನ್ನೂ ಆರಿಸಬೇಕು. ಮತ್ತೆ ಹಾಕಲು ಮರೆತು ಹಾಲು ಒಡೆದಾಗಲೆಲ್ಲ ಗಂಡ, "ಓಹೋ, ಇವತ್ತು ಅಕ್ಕ ಬಂದಿದ್ರು" ಎನ್ನುತ್ತಿದ್ದ.

ಅಷ್ಟರಲ್ಲಿ ಅಕ್ಕನದೇ ಫೋನು. ಗಂಟಲಿನ ಶಸ್ತ್ರಚಿಕಿತ್ಸೆಯಾದ ಮೇಲೆ ನಾಲ್ಕು ವರ್ಷ ಅಕ್ಕನನ್ನು ಯಾರೂ ಹಾಡಲು ಕರೆದಿರಲಿಲ್ಲ. ಹೋದ ವಾರ ಅಕ್ಕತಂಗಿಯರು ಅಂತರ್ಜಾಲದಲ್ಲಿ ಹೊರಬಿಟ್ಟ ಹಾಡು ಕೇಳಿ ಹಳೆಯ ಸಂಘದವರು ಈಗ ಕರೆದಿದ್ದರು. ಇನ್ನು ಮೂವತ್ತೆರಡು ದಿನಕ್ಕೆ ಕಾರ್ಯಕ್ರಮ, ಅದೇ ಹಾಡು ಬೇಕಂತೆ. ವಾದ್ಯದವರು ಇರುವುದಿಲ್ಲ, ಹಿನ್ನೆಲೆ ಸಂಗೀತವನ್ನು ತಂಗಿಯೇ ಮಾಡಿಕೊಡಬೇಕು.

"ಆ ಮೇಲಿನ ಸ್ವರದ ಸಾಲು ಕೇಳಿದ್ಯೇನೇ? ನಂದೇ ಗಂಟಲಾ ಅನ್ನಿಸ್ತು. ಹೇಗೆ ನಿಂತಿದೆ ನೋಡು. ನೀನೇನಾದ್ರೂ ಮಾಡಿದ್ಯಾ?"

"ಏನಿಲ್ಲ, ಎಂದಿನ ಹಾಗೇ."

ಸುಳ್ಳಾಡಿದ್ದಲ್ಲ; ಆಗ ಅವಳಿಗೂ ಗೊತ್ತಿರಲಿಲ್ಲ. ಫೋನಿಟ್ಟು ಆ ಹಾಡಿನ ಕಡತ ತೆರೆದಳು. ಒಂದರ ಕೆಳಗೊಂದು ಪಟ್ಟಿಗಳು: ತಬಲಾ, ಕೀಬೋರ್ಡು, ಅಕ್ಕ. ಎಲ್ಲಕ್ಕೂ ಕೆಳಗೆ ಬೂದು ಬಣ್ಣದ್ದೊಂದು. ಅದು ಅವಳ ದನಿ. ಅಕ್ಕನಿಗೆ ಹೊಸ ಹಾಡು ಬೇಗ ಕೂರುವುದಿಲ್ಲ. ಅದಕ್ಕೇ ತಂಗಿ ಮೊದಲು ತಾನು ಹಾಡಿ ಇಡುತ್ತಾಳೆ. ಅಕ್ಕ ಅದನ್ನು ಹೆಡ್‌ಫೋನಿನಲ್ಲಿ ಕೇಳಿಕೊಂಡು ಜೊತೆಗೆ ಹಾಡುತ್ತಾಳೆ. ಕೆಲಸ ಮುಗಿದ ಮೇಲೆ ಆ ದನಿಯನ್ನು ಕೇಳಿಸದಂತೆ ಮುಚ್ಚಿಬಿಡಬೇಕು. ಈ ಸಲ ತಗ್ಗಿಸಿದ್ದಳು, ಮುಚ್ಚುವುದನ್ನು ಮರೆತಿದ್ದಳು; ಅಕ್ಕನ ದನಿಯ ಅಡಿಯಲ್ಲಿ ಅದೂ ಹೊರಗೆ ಹೋಗಿತ್ತು.

ಮುಚ್ಚಿ ಕೇಳಿದಳು. ಮೇಲಿನ ಸಾಲಿನಲ್ಲಿ ಅಕ್ಕನ ದನಿ ಹರಿಯಲಿರುವ ದಾರದ ಹಾಗೆ ನಡುಗಿತು. ತೆರೆದಳು. ನಿಂತಿತು.

ದೊಡ್ಡವಳಿಗೆ ಕಂಠ, ಚಿಕ್ಕವಳಿಗೆ ಕಿವಿ ಎಂದು ಅಪ್ಪ ಮನೆಗೆ ಬಂದವರೆದುರು ಪಾಲು ಹಂಚಿಬಿಟ್ಟಿದ್ದರು. ಆಸ್ತಿಯ ಪಾಲಾಗಿದ್ದರೆ ಜಗಳವಾದರೂ ಆಡಬಹುದಿತ್ತು. ಅವಳು ಉಳಿದದ್ದನ್ನೆಲ್ಲ ಮುಚ್ಚಿ ಬೂದು ಪಟ್ಟಿಯೊಂದನ್ನೇ ಕೇಳಿದಳು. ಅಲಂಕಾರವಿಲ್ಲದ, ಇನ್ನೊಬ್ಬರಿಗೆ ದಾರಿ ಹೇಳುವ ದನಿ. ಚೆನ್ನಾಗಿದೆ ಎಂದುಕೊಂಡಳು, ಗುರುತಿಲ್ಲದ ಹಾಡುಗಾರ್ತಿಯೊಬ್ಬಳ ಬಗ್ಗೆ ಅಂದುಕೊಳ್ಳುವಂತೆ.

ಮರುದಿನ ಅಕ್ಕ ಅಭ್ಯಾಸಕ್ಕೆ ಬಂದಳು. ಬರೀ ವಾದ್ಯದ ಜೊತೆ ಹಾಡಿದಾಗ ಮೇಲಿನ ಸಾಲು ಒಡೆಯಿತು. ಗಂಟಲು ಇನ್ನೂ ಹಾಸಿಗೆ ಬಿಟ್ಟೆದ್ದಿಲ್ಲ ಎಂದು ನಕ್ಕು, ಬಿಸಿನೀರು ಕುಡಿದು ಮತ್ತೆ ಹಾಡಿದಳು. ಮತ್ತೆ ಒಡೆಯಿತು.

"ಅಕ್ಕ, ಶ್ರುತಿ ಒಂಚೂರು ಇಳಿಸೋಣ್ವಾ?"

ಅಕ್ಕ ಲೋಟವನ್ನು ನಿಧಾನವಾಗಿ ಕೆಳಗಿಟ್ಟಳು. "ಇಳಿಸಿಕೊಳ್ಳೋದು ಆಗ್ದೇ ಇರೋರು ಕಣೇ. ಮೊನ್ನೆ ಬಂದಿದ್ದು ಇವತ್ತು ಯಾಕೆ ಬರಲ್ಲ?"

ಉತ್ತರ ತಂಗಿಯ ನಾಲಿಗೆಯ ತುದಿಯಲ್ಲೇ ಇತ್ತು. ಹೇಳಿದರೆ ಅಕ್ಕ ಇನ್ನೆಂದೂ ವೇದಿಕೆ ಹತ್ತುವುದಿಲ್ಲ. ಹೇಳದಿದ್ದರೆ, ಹತ್ತಿ ಎಲ್ಲರೆದುರು ಹೀಗೇ ಒಡೆಯುತ್ತಾಳೆ. ಅಭ್ಯಾಸಕ್ಕೆ ವಾದ್ಯದ್ದನ್ನು ದಿನಾ ಬೆಳಿಗ್ಗೆ ಕಳಿಸುತ್ತೇನೆ ಎಂದಷ್ಟೇ ಹೇಳಿದಳು. ಒಂದು ಸಲ ಕಳಿಸಿದರೆ ಸಾಲದೇ ಎಂದು ಅಕ್ಕ ಕೇಳಿದ್ದಕ್ಕೆ, ವಾದ್ಯ ಇನ್ನೂ ಸರಿಮಾಡುವುದಿದೆ, ಹಳೆಯದನ್ನು ಅಳಿಸಿ ಹೊಸದನ್ನೇ ಹಾಕಿಕೋ ಎಂದಳು.

ಅಕ್ಕ ಹೋದ ಮೇಲೆ ಕೂತು ಲೆಕ್ಕ ಹಾಕಿದಳು. ಒಂದು ಸ್ವರದಿಂದ ಪಕ್ಕದ ಸ್ವರಕ್ಕಿರುವ ಮೆಟ್ಟಿಲನ್ನು ಕಂಪ್ಯೂಟರು ನೂರು ಭಾಗ ಮಾಡುತ್ತದೆ. ಹತ್ತು ಭಾಗ ಇಳಿಸಿದರೆ ಒಳ್ಳೆಯ ಕಿವಿಗೂ ಅನುಮಾನ ಬರುವುದು ಕಷ್ಟ. ಅಕ್ಕನೋ, ಕೊಟ್ಟ ಶ್ರುತಿಯಲ್ಲಿ ಹಾಡು ಎತ್ತಿಕೊಂಡವಳೇ ಹೊರತು ಯಾವ ಶ್ರುತಿಯೆಂದು ಕೇಳಿದವಳಲ್ಲ. ದಿನಕ್ಕೆ ಹತ್ತು. ಮೂವತ್ತು ದಿನಕ್ಕೆ ಮೂರು ಮೆಟ್ಟಿಲು. ಅಲ್ಲಿ ಅಕ್ಕನ ದನಿ ಯಾರ ಆಸರೆಯೂ ಇಲ್ಲದೆ ನಿಲ್ಲುತ್ತದೆ.

ಗಂಡ ಬಾಗಿಲಲ್ಲಿ ಇಣುಕಿದ. ಆಫೀಸಿನಲ್ಲೂ ಹಾಡನ್ನು ಹೊಗಳಿದರಂತೆ. "ನಿಂದೂ ಶ್ರಮ ಇದೆ ಬಿಡು, ಗುಂಡಿ ಒತ್ತಿದ್ದೀಯಲ್ಲ. ಈಗೇನು ಮಾಡ್ತಿದೀಯ?"

"ವಾದ್ಯ ಸರಿಮಾಡ್ತಿದೀನಿ."

ಅವನು ಹೋದ. ಅವಳು ವಾದ್ಯಗಳನ್ನು ಹತ್ತು ಭಾಗ ಇಳಿಸಿ ಅಕ್ಕನಿಗೆ ಕಳಿಸಿದಳು.

ಮರುದಿನ ಬೆಳಿಗ್ಗೆ ಅಕ್ಕನ ಸಂದೇಶ ಬಂದಿತ್ತು: ಮೇಲಿನ ಸಾಲು ಇನ್ನೂ ಹಟ ಮಾಡುತ್ತಿದೆ, ಬಿಡುವವಳು ನಾನಲ್ಲ. ಅವಳು ಅದನ್ನು ಎರಡು ಸಲ ಓದಿದಳು. ಕುರ್ಚಿ ಮುಂದಕ್ಕೆ ಎಳೆದುಕೊಂಡು, ಶ್ರುತಿಯ ಚೌಕದಲ್ಲಿದ್ದ ಹತ್ತನ್ನು ಅಳಿಸಿ ಇಪ್ಪತ್ತು ಎಂದು ಒತ್ತಿದಳು.